ಬಿಡಾರ ಇಲ್ಲಿ, ಬಾಣಂತನ ಅಲ್ಲಿ

ಪ್ರಶ್ನೆ: ಚಾಮುಂಡಿ ಬೆಟ್ಟದ ಸುತ್ತಲಿನ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳು ಇಲ್ಲೇಕೆ ಗೂಡು ಕಟ್ಟುವುದಿಲ್ಲ?

ಉತ್ತರ: ಮೈಸೂರು ಸೀಮೆ ಅವಕ್ಕೆ ಬಿಡಾರ ಮಾತ್ರ, ಬಾಣಂತನದ ತವರು ಬೇರೆ. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಯಲ್ಲಿ ತಂಗುವ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆಗೆ ಮಂಗೋಲಿಯ, ಟಿಬೆಟ್‌ಗಳ ಸರೋವರಗಳಿಗೆ ಮರಳುತ್ತವೆ. ಗುಬ್ಬಚ್ಚಿಯಷ್ಟೇ ತೂಗುವ ಲಿಟಲ್ ಸ್ಟಿಂಟ್ ಇನ್ನೂ ಉತ್ತರಕ್ಕೆ, ಆರ್ಕ್ಟಿಕ್ ಟಂಡ್ರಾದವರೆಗೂ ಹಾರುತ್ತದೆ! ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹಿಮ ಕರಗಿದ ಜೌಗಿನಲ್ಲಿ ಸೊಳ್ಳೆ, ನೊಣ, ಮರಿಹುಳುಗಳ ಸುಗ್ಗಿ. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿಗಳು ಓಡಾಡಿ ತಾವೇ ಹೆಕ್ಕಿ ತಿನ್ನುತ್ತವೆ. ಮರವಿಲ್ಲದ ಆ ಬಯಲಲ್ಲಿ ಗೂಡೆಂದರೆ ನೆಲದಲ್ಲೊಂದು ಪುಟ್ಟ ಗುಣಿ, ಒಳಗಿಷ್ಟು ಎಲೆ. ನಮ್ಮ ಟಿಟ್ಟಿಭವೂ ಬಯಲಲ್ಲಿ ಇಂಥದೇ ಗುಣಿಯಲ್ಲಿ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ಬೆಟ್ಟದ ತಪ್ಪಲಲ್ಲಿ ನಡೆಯುವಾಗ ದಯವಿಟ್ಟು ನೆಲ ನೋಡಿ ಹೆಜ್ಜೆಯಿಡಿ.