ಎಲೆ ಮಗುಚುವ ಗಡಿಯಾರಕ್ಕೆ ಬದಲಿ ಮೋಟಾರು

ನಮ್ಮ ಕಾಸರಗೋಡು ಸೀಮೆಯ ಹಲವು ಮನೆಗಳ ಅಟ್ಟದಲ್ಲಿ ಇಂದಿಗೂ ಒಂದು ರೇಡಿಯೋ ಗಡಿಯಾರ ಮೂಕವಾಗಿ ಕುಳಿತಿರುವುದುಂಟು. 1970 ಮತ್ತು 1980ರ ದಶಕಗಳಲ್ಲಿ ಕೊಲ್ಲಿಯ ನಾಡುಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಮರಳುವಾಗ ತಂದ ವಸ್ತು ಅದು. ಅದಕ್ಕೆ ಮುಳ್ಳುಗಳಿಲ್ಲ; ಅಂಕಿ ಬರೆದ ಪುಟ್ಟ ಎಲೆಗಳು ನಿಮಿಷಕ್ಕೊಮ್ಮೆ ಟಪ್ಪೆಂದು ಮಗುಚುತ್ತವೆ. ಇಂತಹ ಗಡಿಯಾರಕ್ಕಾಗಿ ಇಟಲಿಯ ಸೊಲಾರಿ ಸಂಸ್ಥೆ 1956ರಲ್ಲಿಯೇ ಅಲ್ಲಿನ ಹೆಸರಾಂತ ವಿನ್ಯಾಸ ಪ್ರಶಸ್ತಿಯನ್ನು ಪಡೆದಿತ್ತು. ಅದನ್ನು ಸಾಮಾನ್ಯರ ಮನೆಗೆ ತಲುಪಿಸಿದವರಲ್ಲಿ ಜಪಾನಿನ ಕೋಪಾಲ್ ಸಂಸ್ಥೆಯವರು ಪ್ರಮುಖರು.

ನಮ್ಮ ಮನೆಯದನ್ನು ಅಣ್ಣ ಸೌದಿ ಅರೇಬಿಯದಿಂದ ತಂದಿದ್ದರು. ಸಂಜೆ ಆರಕ್ಕೆ ಸರಿಪಡಿಸಿಟ್ಟರೆ ಮರುದಿನ ಬೆಳಗ್ಗೆ ಆರಕ್ಕೆ ಅದು ನಾಲ್ಕೆಂದು ತೋರಿಸುತ್ತಿತ್ತು. ಅಂಗಡಿಯವನು ಮೋಸ ಮಾಡಿದನೆಂದು ಅತ್ತಿಗೆ ನೊಂದುಕೊಂಡರು. ಅಣ್ಣ ಏನೂ ಹೇಳದೆ ಅದನ್ನು ಅಟ್ಟಕ್ಕೇರಿಸಿದರು. ಅವರು ಈಗಿಲ್ಲ. ಕಳೆದ ಮಳೆಗಾಲದಲ್ಲಿ ಗಡಿಯಾರವನ್ನು ಕೆಳಗಿಳಿಸಿ ಬಿಚ್ಚಿದಾಗಲೇ ನಮಗೆ ನಿಜಾಂಶ ತಿಳಿದದ್ದು.

ಈ ಗಡಿಯಾರದ ಮೋಟಾರಿಗೆ ಸ್ವಂತ ಕಾಲಜ್ಞಾನವೆಂಬುದಿಲ್ಲ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸಿ ಮರಳುತ್ತದೆಯೋ ಆ ಲೆಕ್ಕಕ್ಕೆ ಸರಿಯಾಗಿ ಅದು ತಿರುಗುತ್ತದೆ. ಸೌದಿಯಲ್ಲಿ ಈ ಲೆಕ್ಕ 60 ಸೈಕಲ್, ಭಾರತದಲ್ಲಿ 50. ಅಲ್ಲಿಗಾಗಿ ಮಾಡಿದ ಮೋಟಾರು ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ದಿನಕ್ಕೆ ನಾಲ್ಕು ಗಂಟೆ. ಅಣ್ಣ ಜೊತೆಗೆ ಕೊಂಡಿದ್ದ ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸಬಲ್ಲುದೇ ಹೊರತು ಸೈಕಲನ್ನು ಬದಲಿಸಲಾರದು.

ಮೋಟಾರಿನ ಗಾಲಿಗಳ ನಡುವಿನ ಗ್ರೀಸು ಒಣಗಿ ಕಲ್ಲಾಗಿತ್ತು. ಸ್ಪಿರಿಟ್ಟಿನಿಂದ ತೊಳೆದು ಗಡಿಯಾರದ ಎಣ್ಣೆಯನ್ನು ಒಂದೆರಡು ತೊಟ್ಟು ಬಿಟ್ಟೆವು. (ನಮ್ಮವರು ಎಲ್ಲಕ್ಕೂ ತೆಂಗಿನೆಣ್ಣೆ ಹಾಕುವವರು; ಇಲ್ಲಿ ಖಂಡಿತ ಕೂಡದು, ಅಂಟಾಗಿ ಹಿಡಿದುಕೊಳ್ಳುತ್ತದೆ.) ಮೋಟಾರು ಓಡಿತು, ಅದೇ ಹಳೆಯ ನಿಧಾನಗತಿಯಲ್ಲಿ.

ಗುಜರಿ ಅಂಗಡಿಯಲ್ಲಿ ಅಂಥದೇ ಇನ್ನೊಂದು ಗಡಿಯಾರ ದೊರೆಯಿತು. ಎಲೆಗಳು ಮುರಿದಿದ್ದವು, ರೇಡಿಯೋ ಸತ್ತಿತ್ತು, ಮೋಟಾರು ಮಾತ್ರ ಜೀವಂತ. ಸುರುಳಿಯ ಮೇಲೆ 240 ವೋಲ್ಟ್, 50 ಸೈಕಲ್ ಎಂಬ ಬರಹವಿತ್ತು. ಇಷ್ಟು ಸಾಲದು. ಹೊರಬರುವ ಅಚ್ಚಿನ ವೇಗ, ತಿರುಗುವ ದಿಕ್ಕು, ಚಿಕ್ಕ ಗಾಲಿಯ ಹಲ್ಲು, ತಿರುಪಿನ ತೂತುಗಳ ಅಂತರ, ಎಲ್ಲವೂ ಹಳೆಯದಕ್ಕೆ ಹೊಂದಬೇಕು. ದಿಕ್ಕು ತಪ್ಪಿದರೆ ಎಲೆಗಳೇ ಮುರಿದಾವು. ಹೊಸ ಸುರುಳಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಬೇರ್ಪಡಿಸಿ ನೇರವಾಗಿ ಮನೆಯ ವಿದ್ಯುತ್ತಿಗೆ ಜೋಡಿಸಬೇಕಾಗಿತ್ತು. ಆ ಕೆಲಸಕ್ಕೆ ನಾವು ಕೈಹಾಕದೆ ಬಲ್ಲ ರಿಪೇರಿಯವರಿಗೆ ಒಪ್ಪಿಸಿದೆವು. ಓದುಗರೂ ಹಾಗೆಯೇ ಮಾಡಬೇಕು.

ಅಂದು ಸಂಜೆ ಆರಕ್ಕೆ ಎಲೆಗಳನ್ನು ಹೊಂದಿಸಿಟ್ಟೆವು. ಪುಣ್ಯಕ್ಕೆ ಆ ರಾತ್ರಿ ಕರೆಂಟು ಹೋಗಲಿಲ್ಲ. ಬೆಳಗ್ಗೆ ಅತ್ತಿಗೆ ಕಾಫಿಯ ಲೋಟ ಹಿಡಿದುಕೊಂಡೇ ಅದರ ಮುಂದೆ ನಿಂತಿದ್ದರು. ಆರು ಗಂಟೆಯ ಎಲೆ ಮಗುಚಿತು. ಅವರು ಗೋಡೆಯ ಗಡಿಯಾರದತ್ತ ನೋಡಿದರು, ಮತ್ತೆ ಇದರತ್ತ ನೋಡಿದರು. “ಅಂಗಡಿಯವನನ್ನು ಸುಮ್ಮನೆ ಬೈದೆ” ಎಂದರು.