ಹಿಮಗಿರಿಯ ರಹದಾರಿ

ಅಮೆರಿಕದ ಕೊಲರಾಡೊ ಪ್ರಾಂತದ ರಾಕಿ ಪರ್ವತಗಳಲ್ಲಿ ಚಳಿಗಾಲವೆಂದರೆ ಹಬ್ಬದ ಕಾಲ. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಮೇಲೆ ಗಾಳಿಯಂತೆ ಜಾರಿಬರುವ ಸ್ಕೀಯಿಂಗ್ ಕ್ರೀಡೆಗೆ ಅಲ್ಲಿ ಮಕ್ಕಳಿಂದ ಮುದುಕರವರೆಗೆ ಮನಸೋತವರೇ ಹೆಚ್ಚು. ಆದರೆ ಆ ಬೆಟ್ಟಗಳ ಇಳಿಜಾರಿಗಿಂತಲೂ ಕಡಿದಾದುದು ಇನ್ನೊಂದುಂಟು. ಅದೇ ಬೆಟ್ಟವನ್ನೇರಲು ಕೊಳ್ಳಬೇಕಾದ ಪಾಸಿನ ಲೆಕ್ಕಾಚಾರ.

ಆಟಗಾರನು ಹಣ ತೆರುವುದು ತನ್ನನ್ನು ಮೇಲಕ್ಕೊಯ್ಯುವ ಲಿಫ್ಟಿಗಾಗಿ. ದಿನಕ್ಕೊಂದು ಟಿಕೆಟ್ ಕೊಳ್ಳಬಹುದು. ಇಲ್ಲವೆ ರೈಲಿನ ಸೀಸನ್ ಟಿಕೆಟ್ಟಿನಂತೆ ಇಡೀ ಋತುವಿಗೆ ಒಂದೇ ಪಾಸ್ ಪಡೆಯಬಹುದು. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿಯು ಹಲವು ಬೆಟ್ಟಗಳಿಗೆ ಸಲ್ಲುವ ‘ಎಪಿಕ್ ಪಾಸ್’ ಅನ್ನು 579 ಡಾಲರುಗಳಿಗೆ ಮಾರಾಟಕ್ಕೆ ತಂದಿತು. ಹತ್ತು ವರ್ಷಗಳ ತರುವಾಯ, 2018ರಲ್ಲಿ, ಆಲ್ಟೆರಾ ಕಂಪನಿಯ ‘ಐಕಾನ್ ಪಾಸ್’ ಎದುರಾಳಿಯಾಗಿ ನಿಂತಿತು. ಅಲ್ಲಿಂದ ಮುಂದೆ ಪಾಸುಗಳ ಸಂತತಿಯೇ ಬೆಳೆಯಿತು. ಪೂರ್ಣ ಪಾಸ್, ಸ್ಥಳೀಯ ಪಾಸ್, 1ರಿಂದ 7 ದಿನಗಳ ಪಾಸ್ ಹೀಗೆ ಹಲವು ಬಗೆ. ಒಂದೇ ಪಾಸು ಒಂದು ಬೆಟ್ಟದಲ್ಲಿ ಋತುವಿಡೀ ನಡೆದರೆ ಇನ್ನೊಂದರಲ್ಲಿ 7 ದಿನ, ಮತ್ತೊಂದರಲ್ಲಿ 5 ದಿನ ಮಾತ್ರ.

ಬೆಲೆಯೂ ಒಂದೆಡೆ ನಿಲ್ಲುವುದಿಲ್ಲ. ಹಿಂದಿನ ಋತುವಿನ ಹಿಮ ಕರಗುವ ಮುನ್ನವೇ, ವಸಂತದಲ್ಲಿ, ಮುಂದಿನ ಋತುವಿನ ಮಾರಾಟ ಆರಂಭವಾಗುತ್ತದೆ. ಗಡುವುಗಳು ಒಂದೊಂದಾಗಿ ಕಳೆದಂತೆಲ್ಲ ದರ ಮೆಟ್ಟಿಲು ಹತ್ತುತ್ತದೆ. ಡಿಸೆಂಬರ್ ಮೊದಲ ಭಾಗದಲ್ಲಿ ಮಾರಾಟವೇ ನಿಂತುಹೋಗುತ್ತದೆ. ಹಿಮ ಬೀಳುವುದೋ ಇಲ್ಲವೋ ಎಂಬ ಚಿಂತೆ ಹೀಗೆ ಕಂಪನಿಯ ಹೆಗಲಿನಿಂದ ಕೊಳ್ಳುವವನ ಹೆಗಲಿಗೆ ಜಾರುತ್ತದೆ. ಹಣ ಮಾತ್ರ ಆಗಲೇ ಕಂಪನಿಯ ಪೆಟ್ಟಿಗೆ ಸೇರಿರುತ್ತದೆ.

2021ರಲ್ಲಿ ಎಪಿಕ್ ಪಾಸಿನ ಆರಂಭದ ದರ 979 ಡಾಲರುಗಳಿಂದ 783ಕ್ಕೆ ಇಳಿಯಿತು. ಅದರ ‘ಸ್ಥಳೀಯ’ ಪಾಸಿಗೆ 583. ಡೆನ್ವರ್ ನಗರದ ಒಂದು ಸಂಸಾರವನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಗಂಡ ಹೆಂಡಿರಿಬ್ಬರಿಗೇ 400 ಡಾಲರ್ ಉಳಿಯಿತೆಂದು ಮನೆಯ ಯಜಮಾನನು ಅಗ್ಗದ ಪಾಸನ್ನು ಹಿಗ್ಗಿನಿಂದ ಕೊಳ್ಳುತ್ತಾನೆ. ಕ್ರಿಸ್‌ಮಸ್ ರಜೆ ಬರುತ್ತದೆ. ಮಕ್ಕಳು ಕೈಗವಸು ತೊಟ್ಟು ಸಿದ್ಧರಾಗುತ್ತಾರೆ. ಆಗ ಕಣ್ಣಿಗೆ ಬೀಳುತ್ತದೆ, ಸಣ್ಣ ಅಕ್ಷರದ ನಿಷಿದ್ಧ ದಿನಗಳ ಪಟ್ಟಿ. ಪ್ರಮುಖ ಬೆಟ್ಟಗಳಲ್ಲಿ ಹಬ್ಬದ ದಿನಗಳಂದು ಆ ಪಾಸು ನಡೆಯದು. ಶಾಲೆಗೆ ರಜೆಯಿರುವ ದಿನವೇ ಪಾಸಿಗೂ ರಜೆ! ಅಗ್ಗವೆಂದು ಮುಗ್ಗಲು ಜೋಳ ಕೊಂಡಂತಾಯಿತು.

ಇನ್ನೊಂದು ಮಾಯೆಯೂ ಉಂಟು. ವೇಲ್ ಬೆಟ್ಟದಲ್ಲಿ ಜನಸಂದಣಿಯ ದಿನ, ಕಿಟಕಿಯಲ್ಲಿ ಕೊಳ್ಳುವ ಒಂದು ದಿನದ ಟಿಕೆಟ್ಟಿನ ಬೆಲೆ ಇತ್ತೀಚಿನ ವರ್ಷಗಳಲ್ಲಿ 300 ಡಾಲರುಗಳನ್ನು ಮೀರಿದೆ. ಆ ಬೆಲೆಯ ಪಕ್ಕದಲ್ಲಿಟ್ಟರೆ ‘ಮೂರೇ ದಿನದಲ್ಲಿ ಪಾಸಿನ ಹಣ ಹುಟ್ಟಿತು’ ಎನಿಸುವುದು ಸಹಜ. ಆದರೆ ಮುಂಗಡವಾಗಿ ಕೊಂಡ ದಿನಪಾಸು ಅದಕ್ಕಿಂತ ಬಹಳ ಅಗ್ಗ. ಹೋಲಿಸಬೇಕಾದುದು ಅದರೊಡನೆ, ಯಾರೂ ಕೊಳ್ಳದಿರಲೆಂಬಂತೆ ಏರಿಸಿಟ್ಟ ಕಿಟಕಿಯ ದರದೊಡನೆ ಅಲ್ಲ.

2020ರ ಮಾರ್ಚಿಯಲ್ಲಿ ಕೋವಿಡ್ ಬಂದು ಬೆಟ್ಟಗಳು ಹಠಾತ್ತನೆ ಮುಚ್ಚಿದಾಗ, ಹಣ ತೆತ್ತವರು ಮರುಪಾವತಿಯ ನಿಬಂಧನೆಗಳನ್ನು ಮೊದಲ ಬಾರಿಗೆ ಹುಡುಕಿ ಓದಿದರು. ಎಪಿಕ್ ಪಾಸಿನವರಿಗೆ ಒಡನೆಯೇ ನಗದು ಬರಲಿಲ್ಲ. ಮುಂದಿನ ಋತುವಿನ ಪಾಸಿನಲ್ಲಿ ವಜಾ ಮಾಡಿಕೊಳ್ಳುವ ಭರವಸೆ ಸಿಕ್ಕಿತು.

ಋತುವಿಗೆ ಇಪ್ಪತ್ತು ಮೂವತ್ತು ದಿನ ಆಡುವವನಿಗೆ ಪಾಸು ನಿಜಕ್ಕೂ ಲಾಭವೇ. ರಜೆಯಲ್ಲಿ ನಾಲ್ಕು ದಿನ ಮಕ್ಕಳನ್ನು ಕರೆದೊಯ್ಯುವ ಗೃಹಸ್ಥನಾದರೋ ಬೆಲೆಯ ಪಟ್ಟಿಗಿಂತ ಮೊದಲು ಗೋಡೆಯ ಕ್ಯಾಲೆಂಡರನ್ನು ನೋಡಬೇಕು. ತಾನು ಹೋಗಬಹುದಾದ ದಿನಗಳೆಷ್ಟು, ಅವುಗಳಲ್ಲಿ ನಿಷಿದ್ಧವಾದುವೆಷ್ಟು, ಹೋಗಲಾಗದಿದ್ದರೆ ಹಣದ ಗತಿಯೇನು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಕೈಚೀಲ ಬಿಚ್ಚಿದರೆ, ಜಾರುವುದು ಹಿಮದ ಮೇಲೆ ಮಾತ್ರ, ಲೆಕ್ಕದಲ್ಲಿ ಅಲ್ಲ.