ಚಾಕಿ ಮನೆ ಕಲಿಸುವ ಪಾಠ

ಶಿಡ್ಲಘಟ್ಟದ ಆಸುಪಾಸಿನ ಯಾವ ರೇಷ್ಮೆ ಬೆಳೆಗಾರನನ್ನು ಬೇಕಾದರೂ ಕೇಳಿ ನೋಡಿ; ಬೆಳೆಯ ಹಣೆಬರಹ ನಿರ್ಧಾರವಾಗುವುದು ಚಾಕಿಯಲ್ಲಿ ಎನ್ನುತ್ತಾನೆ. ಮೊಟ್ಟೆಯೊಡೆದು ಬಂದ ಹುಳು ಎರಡನೆಯ ಜ್ವರವನ್ನು ದಾಟುವವರೆಗಿನ ಕೆಲವೇ ದಿನಗಳ ಅವಧಿ ಅದು. ಆಗ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉಣಿಸಬೇಕು; ಮನೆಯ ಶಾಖ, ತೇವ ಎರಡೂ ಹದವಾಗಿರಬೇಕು. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಖರ್ಚಾಗುವುದು ಕೊನೆಯ ಹಂತದಲ್ಲಿ. ಚಾಕಿಗೆ ಬೇಕಾದುದು ತೀರ ಅಲ್ಪ. ಆ ಅಲ್ಪದಲ್ಲಿ ಲೋಪವಾದರೆ ಮಾತ್ರ ಮುಂದೆ ಗಾಡಿಗಟ್ಟಲೆ ಸೊಪ್ಪು ಸುರಿದರೂ ಗೂಡು ಗಟ್ಟಿಯಾಗದು. ಇಷ್ಟನ್ನು ಬಲ್ಲ ನಾವು ನಮ್ಮ ಮಕ್ಕಳ ಚಾಕಿಯ ಕಾಲದಲ್ಲಿ ಅಷ್ಟೇ ಎಚ್ಚರ ವಹಿಸಿದ್ದೇವೆಯೇ ಎಂಬುದು ನಾನಿಂದು ತಮ್ಮ ಮುಂದಿಡುವ ಪ್ರಶ್ನೆ.

ಹುಟ್ಟಿದ ಕೂಸಿನ ಮಿದುಳು ತೂಕದಲ್ಲಿ ದೊಡ್ಡವರ ಮಿದುಳಿನ ಸುಮಾರು ಕಾಲುಭಾಗ. ಆರು ವರ್ಷ ತುಂಬುವ ವೇಳೆಗೆ ಅದು ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲಿಗೆ ಬಂದಿರುತ್ತದೆ. ಈ ಬೆಳವಣಿಗೆಗೆ ಅನ್ನ ಬೇಕು, ರೋಗದಿಂದ ರಕ್ಷಣೆ ಬೇಕು. ಜೊತೆಗೆ ಮಾತು ಬೇಕು, ಆಟ ಬೇಕು, ಕರೆದರೆ ಓಗೊಡುವ ಒಂದು ಮುಖ ಬೇಕು. ಮಗು ಕೇಳುವ ಕಥೆ, ಮಣ್ಣಿನಲ್ಲಿ ಕಟ್ಟುವ ಮನೆ ಇವೆಲ್ಲ ಕಾಲಹರಣವಲ್ಲ. ಅದರ ಬುದ್ಧಿ ಬೆಳೆಯುವ ಬಗೆಯೇ ಅದು.

ಈ ತಿಳಿವನ್ನು ಬಡವರ ಮನೆಬಾಗಿಲಿಗೆ ಒಯ್ದವರಲ್ಲಿ ತಾರಾಬಾಯಿ ಮೋಡಕ್ ಅಗ್ರಗಣ್ಯರು. 1945ರಿಂದ ಅವರು ಅನುತಾಯಿ ವಾಘ್ ಅವರ ಜೊತೆಗೂಡಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ದುಡಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವು. ಅಂಗನವಾಡಿ ಎಂಬ ಮಾತಿನ ಹಿಂದೆ ಈ ಅಂಗಳವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾಯಿತು. ನಮ್ಮ ರಾಜ್ಯದಲ್ಲಿ ಅದರ ಪ್ರಥಮ ನೆಲೆ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಇವೆಲ್ಲವನ್ನೂ ಒಂದೇ ಸೂರಿನಡಿ ತಂದದ್ದು ಆ ಯೋಜನೆಯ ಹಿರಿಮೆ. ಆದರೆ ಅಂಗನವಾಡಿಯನ್ನು ಹಿಟ್ಟು ಹಂಚುವ ಕಟ್ಟಡವೆಂದಷ್ಟೇ ಕಾಣುವವರು ಇಂದಿಗೂ ಅನೇಕರಿದ್ದಾರೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಬಹಳ ಹಿಂದೆ ನಾನು ಚಿಂತಾಮಣಿಯ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದೆ. ಒಂದನೆಯ ತರಗತಿಯ ಹುಡುಗಿಯೊಬ್ಬಳು ಮೂರು ತಿಂಗಳಾದರೂ ಬಾಯಿ ಬಿಡಲಿಲ್ಲ. ಮಂದಬುದ್ಧಿಯವಳೆಂದು ತೀರ್ಮಾನಿಸಿ ಹಿಂದಿನ ಸಾಲಿನಲ್ಲಿ ಕೂರಿಸಿಬಿಟ್ಟೆ. ಒಂದು ಸಂಜೆ ಹುಣಸೆಮರದ ಕೆಳಗೆ ಅವಳು ಕಂಕುಳಲ್ಲಿದ್ದ ತಮ್ಮನಿಗೆ ಕಾಗೆಯ ಕಥೆ ಹೇಳುತ್ತಿದ್ದಳು. ಕಾಗೆಯ ದನಿ, ಗುಬ್ಬಿಯ ದನಿ, ಮಳೆಯ ಸದ್ದು ಎಲ್ಲವೂ ಅವಳ ಬಾಯಲ್ಲಿದ್ದವು. ಭಾಷೆ ಮಾತ್ರ ತೆಲುಗು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಈ ಸೀಮೆಯ ಸಹಜ ಸ್ಥಿತಿ. ಕೈವಾರದ ತಾತಯ್ಯನವರು ಎರಡು ನುಡಿಗಳಲ್ಲೂ ಹಾಡಿದ ನೆಲವಿದು. ಆ ಎರಡು ನುಡಿಗಳ ನಡುವಣ ಸೇತುವೆಯನ್ನು ಆಕೆಗೆ ಯಾರೂ ಕಟ್ಟಿಕೊಟ್ಟಿರಲಿಲ್ಲ. ನಾಲ್ಕನೆಯ ವಯಸ್ಸಿನಲ್ಲಿ ತೆಲುಗಿನಲ್ಲೇ ಮಾತಾಡಿಸಿ, ಆಡಿಸುತ್ತ ಕನ್ನಡಕ್ಕೆ ಕರೆತರುವವರೊಬ್ಬರಿದ್ದರೆ ಸಾಕಿತ್ತು. ನಾನು ತಿದ್ದಿಕೊಳ್ಳುವಷ್ಟರಲ್ಲಿ ಅವಳು ಶಾಲೆ ಬಿಟ್ಟಳು. ತಾಯಿ ಕೂಲಿಗೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಹೀಗೆ ಕೂಸಿನ ಆರೈಕೆಗೆ ನೆಲೆಯಿಲ್ಲದಿದ್ದರೆ ಕೆಡುವುದು ಒಂದು ಮಗುವಿನ ಬಾಳಲ್ಲ, ಎರಡರದು. ಚಿಕ್ಕಬಳ್ಳಾಪುರದ ಹೂದೋಟ, ದ್ರಾಕ್ಷಿತೋಟಗಳಲ್ಲಿ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ದುಡಿಯುವ ತಾಯಿ ಕೂಸನ್ನು ಎಲ್ಲಿ ಬಿಡಬೇಕು? ಬಿಸಿನೀರಿನ ಬಾಣಲೆಯ ಪಕ್ಕದಲ್ಲೇ? 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಹೊರಟದ್ದು ಈ ಪ್ರಶ್ನೆಗೆ ಉತ್ತರವಾಗಿಯೇ.

ಕೆಲವರು ಕೇಳುವುದುಂಟು: ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ಗೌರಿಬಿದನೂರು ತಾಲ್ಲೂಕು ಹೊಸೂರಿನ ಬಡಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಯಾವ ಶಿಶುವಿಹಾರದಲ್ಲಿ ಕಲಿತರು? ಪ್ರಶ್ನೆ ಚೆನ್ನಾಗಿದೆ. ಆದರೆ ಮೇಲೆದ್ದು ಬಂದವರ ಹೆಸರಷ್ಟೇ ನಮಗೆ ಗೊತ್ತು. ಏಳಲಾಗದೆ ಉಳಿದವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ. ಹುಣಸೆಮರದ ಕೆಳಗಿನ ಆ ಹುಡುಗಿ ಆ ಪಟ್ಟಿಯವಳು.

2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರ ಒಳಗಿನವರ ಆರೈಕೆ, ಶಿಕ್ಷಣಗಳಿಗೆ ರಾಜ್ಯವು ಪ್ರಯತ್ನಿಸತಕ್ಕದ್ದು ಎಂದಷ್ಟೇ 45ನೆಯ ವಿಧಿ ಹೇಳುತ್ತದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟರವರೆಗಿನ ಐದು ವರ್ಷಗಳನ್ನು ಬುನಾದಿಯ ಹಂತವೆಂದು ಕರೆದು ಮನೆಮಾತಿಗೆ ಮನ್ನಣೆ ಕೊಟ್ಟಿದೆ. ಮಾತು ಒಳ್ಳೆಯದು, ಅದನ್ನು ನಡೆಸಿಕೊಡಬೇಕಾದವಳು ಅಂಗನವಾಡಿಯ ಕಾರ್ಯಕರ್ತೆ. ಆಕೆಯನ್ನು ಗುರುವೆಂದು ಕಂಡು, ತರಬೇತಿಯನ್ನೂ ತಕ್ಕ ಸಂಬಳವನ್ನೂ ಕೊಡದೆ ಬುನಾದಿ ಏಳುವುದಿಲ್ಲ.

ಹುಳುವನ್ನು ನಾವು ಸಾಕುವುದು ನೂಲಿಗಾಗಿ. ಮಗುವನ್ನು ಹಾಗೆ ಯಾವ ಲಾಭಕ್ಕೂ ಸಾಕುವುದಲ್ಲ. ಹುಳುವಿಗೆ ಕೊಡುವ ಎಚ್ಚರವನ್ನಾದರೂ ಅದಕ್ಕೆ ಕೊಡೋಣ. ತಮ್ಮ ಬೀದಿಯ ಅಂಗನವಾಡಿಗೆ ಒಮ್ಮೆ ಹೋಗಿ, ಅರ್ಧ ಗಂಟೆ ಕುಳಿತು, ಒಂದು ಕಥೆ ಹೇಳಿ ಬನ್ನಿ. ಮಗು ತನ್ನ ಮನೆಮಾತಿನಲ್ಲಿ ಉತ್ತರಿಸಿದರೆ ಅದನ್ನೂ ಕೇಳಿಸಿಕೊಳ್ಳಿ.